ಪ್ರತಿಕ್ರಿಯೆ: ಎಕ್ಸ್‌ಆರ್‌ಡಿಯಲ್ಲಿ ಮ್ಯಾಗ್ನೆಟಿಕ್ ಡೊಮೇನ್ ಕಾಣುತ್ತಾ?

ದಾವಣಗೆರೆ ವಿವಿಯ ತೋಳಹುಣಸೆ ಕ್ಯಾಂಪಸ್ಸಿನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೋಬಾಲ್ಟ್-ಪ್ಲಾಟಿನಂ ಪದರದ ಡೊಮೇನ್‌ಗಳನ್ನು, ಅಂದರೆ ಕಾಂತೀಯತೆ ಒಂದೇ ದಿಕ್ಕಿಗಿರುವ ಪುಟ್ಟ ಭಾಗಗಳನ್ನು, ಮಾಮೂಲಿ ಎಕ್ಸ್‌ಆರ್‌ಡಿ (ಎಕ್ಸ್-ರೇ ವಿವರ್ತನೆ) ಯಂತ್ರದಲ್ಲೇ ನೋಡಬಹುದಾ ಅಂತ ಕೇಳಿದ್ದೀರಿ. ಆಗಲ್ಲ.

ಆ ಯಂತ್ರದ ತಾಮ್ರದ ಟ್ಯೂಬಿನಿಂದ ಬರುವ ಕಿರಣದ ಶಕ್ತಿ ಸುಮಾರು 8 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಅಲ್ಲಿ ಕಾಂತೀಯತೆಯ ಸುಳಿವು ತೀರಾ ಕಡಿಮೆ. ಕಿರಣವನ್ನು ಕೋಬಾಲ್ಟಿನ ಎಲ್3 ಅಂಚಿಗೆ (ಕೋಬಾಲ್ಟ್ ಎಕ್ಸ್-ರೇಯನ್ನು ಜೋರಾಗಿ ಹೀರತೊಡಗುವ ಶಕ್ತಿಗೆ), ಅಂದರೆ ಸುಮಾರು 778 ಎಲೆಕ್ಟ್ರಾನ್‌ವೋಲ್ಟ್‌ಗೆ ಹೊಂದಿಸಿ, ವೃತ್ತೀಯವಾಗಿ ಧ್ರುವೀಕರಿಸಿದರೆ (ಅಲೆಯ ಕಂಪನ ಸುತ್ತುತ್ತಾ ಸಾಗುವಂತೆ ಮಾಡಿದರೆ) ಕಥೆಯೇ ಬೇರೆ. ಮೇಲ್ಮುಖದ ಡೊಮೇನು ಒಂದು ಥರ ಹೀರುತ್ತದೆ, ಕೆಳಮುಖದ್ದು ಇನ್ನೊಂದು ಥರ.

ಇನ್ನು ಕೊಹೆರೆನ್ಸ್, ಅಂದರೆ ಅಲೆಗಳೆಲ್ಲ ಹೆಜ್ಜೆ ಹೊಂದಿಸಿ ಸಾಗುವ ಗುಣ. ಲೇಸರ್ ಪಾಯಿಂಟರನ್ನು ಗೋಡೆಗೆ ಹಿಡಿದಾಗ ಚುಕ್ಕಿಚುಕ್ಕಿ ಮಿನುಗುತ್ತಲ್ವಾ, ಅದೇ ಸ್ಪೆಕಲ್. ಅಲೆಗಳು ಹೆಜ್ಜೆ ತಪ್ಪದೆ ಬಂದರೆ ಎಕ್ಸ್-ರೇಯಲ್ಲೂ ಅದು ಮೂಡುತ್ತದೆ. ಡೊಮೇನ್‌ಗಳ ನಿಖರ ಜೋಡಣೆಯೆಲ್ಲ ಅದರಲ್ಲೇ ಅಡಗಿರುತ್ತದೆ. ತೊಡಕೇನೆಂದರೆ, ಡಿಟೆಕ್ಟರ್ ತೀವ್ರತೆಯನ್ನಷ್ಟೇ ಅಳೆಯುತ್ತದೆ, ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು) ಕಳೆದುಹೋಗುತ್ತದೆ. ಬರ್ಲಿನ್ನಿನ ಬೆಸ್ಸಿ ಎಂಬ ಎಕ್ಸ್-ರೇ ಕೇಂದ್ರದಲ್ಲಿ ಇದಕ್ಕೆ ಒಳ್ಳೇ ಉಪಾಯ ಮಾಡಿದರು: ಮಾದರಿಯ ಪಕ್ಕ ಒಂದು ಸಣ್ಣ ರೆಫರೆನ್ಸ್ ತೂತು ಕೊರೆದರು. ತೂತಿನಿಂದ ಬಂದ ಅಲೆ ಮಾದರಿಯ ಅಲೆಯ ಜೊತೆ ಬೆರೆತು ಹೊಲೋಗ್ರಾಂ ಮೂಡುತ್ತದೆ. ಈ ಹೊಲೋಗ್ರಾಮಿಗೆ ಫೂರಿಯೇ ಟ್ರಾನ್ಸ್‌ಫಾರ್ಮ್ ಎಂಬ ಒಂದು ಗಣಿತದ ಲೆಕ್ಕ ಹಾಕಿದರೆ ಚಿತ್ರ ಸಿಗುತ್ತದೆ. 2004ರಲ್ಲಿ ಪ್ರಕಟವಾದ ಆ ಕೆಲಸ ನಿಮ್ಮಂಥದೇ ಕೋಬಾಲ್ಟ್-ಪ್ಲಾಟಿನಂ ಪದರದ್ದು. ಸ್ಪಷ್ಟತೆ ಸುಮಾರು 50 ನ್ಯಾನೋಮೀಟರ್.

ಸ್ಪೆಕಲ್ ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಅಂತ ಅಳೆದರೆ ಡೊಮೇನ್‌ಗಳ ಅಲುಗಾಟವೂ ಗೊತ್ತಾಗುತ್ತದೆ. ನನಗೆ ಜಾಸ್ತಿ ಇಷ್ಟ ಇದೇ.

ಇಂಥ ಕಿರಣಕ್ಕೆ ಸಿಂಕ್ರೋಟ್ರಾನ್ ಬೇಕು, ಅಂದರೆ ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಸುತ್ತಿಸಿ ಎಕ್ಸ್-ರೇ ಪಡೆಯುವ ದೊಡ್ಡ ಯಂತ್ರ. ನಮ್ಮಲ್ಲಿ ಇಂದೋರಿನ ಇಂಡಸ್-2 ಇದೆ, ಆದರೆ ಅದರ ಎಮಿಟೆನ್ಸ್ (ಎಲೆಕ್ಟ್ರಾನ್ ಪುಂಜದ ಹರಡುವಿಕೆ) ಜಾಸ್ತಿ, ಹಾಗಾಗಿ ಕೊಹೆರೆನ್ಸ್ ಕಡಿಮೆ. ಎಂ.ಎಸ್ಸಿ. ಅವಧಿಯಲ್ಲಿ ಸುಮ್ನೆ ಬೀಮ್‌ಟೈಮಿಗೆ (ಅಲ್ಲಿ ಪ್ರಯೋಗಕ್ಕೆ ಸಿಗುವ ಸಮಯಕ್ಕೆ) ಕಾಯಬೇಡಿ. ಡೊಮೇನ್ ದೊಡ್ಡದಿದ್ದರೆ ಮಾಮೂಲಿ ಬೆಳಕಿನಲ್ಲೇ ಡೊಮೇನ್ ತೋರಿಸುವ ಕೆರ್ ಮೈಕ್ರೋಸ್ಕೋಪ್ ಸಾಕು, ಚಿಕ್ಕದಾದರೆ ಕಾಂತೀಯ ಸೂಜಿಮೊನೆಯಿಂದ ತಡವಿ ನೋಡುವ ಎಂಎಫ್‌ಎಂ (ಮ್ಯಾಗ್ನೆಟಿಕ್ ಫೋರ್ಸ್ ಮೈಕ್ರೋಸ್ಕೋಪ್). ಜೊತೆಗೆ ಪೈಥಾನ್‌ನಲ್ಲಿ ಡೊಮೇನ್ ಚಿತ್ರವೊಂದನ್ನು ಬರೆದು, ಸ್ಪೆಕಲ್ ಲೆಕ್ಕ ಹಾಕಿ, ಫೇಸ್ ಮರಳಿ ಪಡೆಯಲು ನೋಡಿ. ಅದಕ್ಕೆ ಲ್ಯಾಪ್‌ಟಾಪ್ ಸಾಕು.