ಗಾಯ್ತೊಂಡೆ ಚಿತ್ರಗಳಲ್ಲಿ ಬರೀ ಬಣ್ಣವೇ ಕಾಣುತ್ತದಲ್ಲ, ಅವರು ಹೇಗೆ ಕೆಲಸ ಮಾಡುತ್ತಿದ್ದರು?

ಆಕಾರ ಹುಡುಕುತ್ತಾ ಹೋದರೆ ನಿರಾಸೆಯೇ. ಭಾರತೀಯ ಚಿತ್ರಕಾರ ವಾಸುದೇವ ಗಾಯ್ತೊಂಡೆ (1924–2001) ತಮ್ಮ ಚಿತ್ರಗಳನ್ನು ‘ಅಮೂರ್ತ’ ಎಂದು ಕರೆಯುವುದನ್ನೂ ಒಪ್ಪುತ್ತಿರಲಿಲ್ಲ. ‘ವಸ್ತುವಿಲ್ಲದ ಚಿತ್ರ’ ಎಂಬುದು ಅವರ ಮಾತು.

1960ರ ದಶಕದಿಂದ ರೋಲರ್, ಪ್ಯಾಲೆಟ್ ನೈಫ್ (ಬಣ್ಣ ಹಚ್ಚುವ, ಕೆರೆಯುವ ಚಪ್ಪಟೆ ಚಾಕು) ಜಾಸ್ತಿ ಬಳಸಿದರು. ಬಣ್ಣ ಹಚ್ಚುವುದು, ಕೆರೆದು ತೆಗೆಯುವುದು, ಮತ್ತೆ ತೆಳುವಾಗಿ ಹಚ್ಚುವುದು. ಅಡಿಯ ಪದರ ಮೇಲಕ್ಕೆ ಇಣುಕುತ್ತದೆ ನೋಡಿ, ಒಳಗೇ ದೀಪ ಇಟ್ಟ ಹಾಗೆ ಕಾಣುವುದು ಅದಕ್ಕೇ. ಕುಂಚ ಹಿಡಿದದ್ದಕ್ಕಿಂತ ಸುಮ್ನೆ ಕೂತು ಯೋಚಿಸಿದ್ದೇ ಹೆಚ್ಚು. ವರ್ಷಕ್ಕೆ ಕೆಲವೇ ಚಿತ್ರ. ಝೆನ್ ಬೌದ್ಧ ಚಿಂತನೆಯ ಪ್ರಭಾವವೂ ಇತ್ತು.

ಕಲಿತದ್ದು ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ. 1964ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಮೇಲೆ ನ್ಯೂಯಾರ್ಕ್‌ಗೆ ಹೋದರು. 1971ರಲ್ಲಿ ಪದ್ಮಶ್ರೀ ಬಂತು. ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಇಟ್ಟದ್ದು ಮಾತ್ರ 2014ರಲ್ಲಿ, ಅವರು ತೀರಿಕೊಂಡು 13 ವರ್ಷಗಳಾದ ಮೇಲೆ.