ಬಾಡಿಗೆ ಮನೆ ಹಿಡಿದವರ ಮೇಲೆ ದೂರೇಕೆ?

ಪ್ರಶ್ನೆ: ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ದಂಪತಿ, ಹತ್ತಿರ ವಾಸವಿರುವವರಿಗೇ ಮೊದಲು ಸೀಟು ಕೊಡುವ ಇಲ್ಲಿನ ಹೆಸರಾಂತ ಶಾಲೆಯಲ್ಲಿ ಮಗಳಿಗೆ ಎಲ್‌ಕೆಜಿ ಸೀಟು ಸಿಕ್ಕ ಕೂಡಲೇ ಖಾಲಿ ಮಾಡುತ್ತಾರಂತೆ. ಅವರ ಸ್ವಂತ ಮನೆ ಕೆಂಗೇರಿಯಲ್ಲಿದೆ. ಮೊದಲಿನಿಂದ ಇಲ್ಲೇ ಇರುವ ಪಕ್ಕದ ಮನೆಯ ಮಗುವಿಗೆ ಸೀಟಿಲ್ಲ. ಇದು ಮೋಸವಲ್ಲವೇ? ಶಾಲೆಗೆ ದೂರು ಬರೆಯಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪಕ್ಕದ ಮನೆಯ ಮಗುವಿಗೆ ಅನ್ಯಾಯವಾಗಿದೆ, ಒಪ್ಪಿದೆ. ಸುಳ್ಳು ಕರಾರು ಪತ್ರ ಮಾಡಿಸುವವರ ಪರ ನಾನೂ ಇಲ್ಲ. ಆದರೆ ನಿಮ್ಮ ಬಾಡಿಗೆದಾರರು ಮುಂಗಡ ಕೊಟ್ಟು, ಹಾಲು ಉಕ್ಕಿಸಿ, ಎರಡು ಮನೆಯ ಖರ್ಚು ಹೊತ್ತು ನಿಜವಾಗಿಯೇ ಅಲ್ಲಿ ವಾಸವಾಗಿದ್ದಾರೆ. ಆ ಮುಂಗಡ ಎಣಿಸಿಕೊಂಡವರು ನೀವೇ ತಾಯಿ; ಈಗ ಅವರ ಮೇಲೆ ದೂರು ಬರೆಯುವುದು ನಿಮ್ಮಂಥವರಿಗೆ ಒಪ್ಪುವುದಿಲ್ಲ.

ಇಂಥದೊಂದು ಮನೆಗೆ ನಾನು ಹೋಗಿದ್ದೆ. ನಡುಮನೆಯಲ್ಲಿ ಒಂದು ಚಾಪೆ, ಅಡುಗೆಮನೆಯಲ್ಲಿ ಒಂಟಿ ಒಲೆ, ಗೋಡೆಯಲ್ಲಿ ಹಿಂದೆ ಇದ್ದವರ ಕ್ಯಾಲೆಂಡರ್. ಸಂದರ್ಶನದಲ್ಲಿ ಕೇಳಿಯಾರೆಂದು ತಾಯಿ ಮಗಳಿಗೆ ಹೊಸ ವಿಳಾಸ ಬಾಯಿಪಾಠ ಮಾಡಿಸುತ್ತಿದ್ದರು. ‘ನಿಮ್ಮ ಮನೆ ಎಲ್ಲಿ ಪುಟ್ಟಿ?’ ಎಂದರೆ ಆ ಮಗು ಉತ್ತರ ಹೇಳುವ ಮೊದಲು ಅಮ್ಮನ ಮುಖ ನೋಡುತ್ತಿತ್ತು. ಆ ತಾಯಿಯನ್ನು ಮೋಸಗಾತಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಚೀನಾದ ತತ್ತ್ವಜ್ಞಾನಿ ಮೆನ್ಸಿಯಸ್‌ನ ತಾಯಿ ಮಗನಿಗಾಗಿ ಸ್ಮಶಾನದ ಬಳಿಯ ಮನೆ ಬಿಟ್ಟಳು, ಸಂತೆಯ ಬಳಿಯ ಮನೆಯನ್ನೂ ಬಿಟ್ಟಳು, ಕೊನೆಗೆ ಶಾಲೆಯ ಪಕ್ಕದಲ್ಲಿ ನೆಲೆಸಿದಳು ಎಂಬ ಐತಿಹ್ಯವಿದೆ. ಅವಳನ್ನು ಆದರ್ಶ ತಾಯಿಯೆಂದು ಇಂದಿಗೂ ಕೊಂಡಾಡುತ್ತಾರೆ. ಕೆಂಗೇರಿಯ ತಾಯಿ ಮಾಡಿದ್ದೂ ಅದನ್ನೇ.

ದೂರಿನ ದಾರಿ ಎಲ್ಲಿಗೆ ಮುಟ್ಟುತ್ತದೆ ಗೊತ್ತೇ? ಇಂಗ್ಲೆಂಡಿನ ಪೂಲ್ ಪಟ್ಟಣದ ಆಡಳಿತ 2008ರಲ್ಲಿ, ಒಂದು ಕುಟುಂಬ ನಿಜವಾಗಿ ಶಾಲೆಯ ವ್ಯಾಪ್ತಿಯಲ್ಲೇ ಇದೆಯೇ ಎಂದು ತಿಳಿಯಲು ಗುಟ್ಟಾಗಿ ಬೆನ್ನಟ್ಟಿ ಕಾವಲು ಕಾದಿತ್ತು. ಅದು ಕಾನೂನುಬಾಹಿರವೆಂದು 2010ರಲ್ಲಿ ಅಲ್ಲಿನ ನ್ಯಾಯಮಂಡಳಿ ಹೇಳಬೇಕಾಯಿತು.

ಬಡವ ಬಲ್ಲಿದರ ಮಕ್ಕಳೆಲ್ಲ ನೆರೆಹೊರೆಯ ಒಂದೇ ಶಾಲೆಗೆ ಹೋಗಲಿ ಎಂದು ಶಿಕ್ಷಣ ಸುಧಾರಣೆಗಾಗಿ ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಕೇಳಿದವರಾರು? 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ತೆರೆಯಿತು; ಬೆಂಗಳೂರಿನಲ್ಲಿ ನೆರೆಹೊರೆಯೆಂದರೆ ವಾರ್ಡ್ ಎಂದಾಯಿತು, ಬಡವರೂ ವಿಳಾಸದ ದಾಖಲೆ ಹಿಡಿದು ಅಲೆದರು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲವೆಂದು 2019ರ ಹೊತ್ತಿಗೆ ನಮ್ಮ ಸರ್ಕಾರ ನಿಯಮವನ್ನೇ ತಿದ್ದಿತು. ಸರ್ಕಾರಿ ಶಾಲೆ ತುಂಬಲಿ ಎಂಬ ಆಸೆ ನನ್ನದೂ ಹೌದು. ಆದರೆ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಇರುವ ಒಬ್ಬ ಮೇಷ್ಟರನ್ನೂ ಸಮೀಕ್ಷೆಗೆ, ಮತಪಟ್ಟಿಗೆ ಅಟ್ಟಿದರೆ ಯಾವ ತಂದೆ ಮಗುವಿನ ಕೈಹಿಡಿದು ಅಲ್ಲಿಗೆ ಬಂದಾನು? ಬೀದಿಗೊಂದು ಒಳ್ಳೆಯ ಶಾಲೆ ಇದ್ದಿದ್ದರೆ ನಿಮ್ಮ ಮಹಡಿ ಮನೆಗೆ ಕೆಂಗೇರಿಯಿಂದ ಯಾರೂ ಬರುತ್ತಿರಲಿಲ್ಲ, ಪಕ್ಕದ ಮಗುವೂ ಸೀಟಿಗಾಗಿ ಅಳುತ್ತಿರಲಿಲ್ಲ.

ದೂರು ಬರೆಯಲೇಬೇಕೆಂದಿದ್ದರೆ ಬರೆಯಿರಿ, ಆದರೆ ನಿಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗೆ. ನಿಮ್ಮ ವಾರ್ಡಿನ ಸರ್ಕಾರಿ ಶಾಲೆಯಲ್ಲಿ ಮಂಜೂರಾದ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗ ತುಂಬುತ್ತೀರಿ ಎಂದು ಕೇಳಿ. ಪಕ್ಕದ ಮನೆಯವರ ಸಹಿಯ ಜೊತೆ ಮಹಡಿ ಮನೆಯವರ ಸಹಿಯನ್ನೂ ಹಾಕಿಸಿ. ಒಂದು ಪ್ರತಿ ನಮಗೆ ಕಳುಹಿಸಿದರೆ, ಬಂದ ಉತ್ತರದ ಸಮೇತ ಪ್ರಕಟಿಸುತ್ತೇವೆ.
– ಸಂಪಾದಕ