ಬಾಡಿಗೆ ಏರಿದ್ದು ನಮ್ಮಿಂದಲೇ ಅನ್ನುವ ಮಾತಿಗೆ

ಆಸ್ಟ್ರೇಲಿಯಾದ ಪಿಆರ್ (ಕಾಯಂ ವಾಸದ ವೀಸಾ) ಕೈಗೆ ಬಂದಿದೆ, ಆದರೆ "ಹೊರಗಿನವರು ಜಾಸ್ತಿಯಾದರು, ಅದಕ್ಕೇ ಮನೆ ಸಿಗುತ್ತಿಲ್ಲ" ಅನ್ನೋದನ್ನು ಕೇಳಿ ಹಿಂಜರಿಕೆ ಆಗುತ್ತಿದೆ, ಬರೋದಾ ಬೇಡವಾ ಅಂತ ಕೇಳಿದ್ದೀರಿ. ಬನ್ನಿ. ಆದರೆ ಆ ಮಾತನ್ನು ಬರೀ ದ್ವೇಷ ಅಂದುಕೊಳ್ಳಬೇಡಿ.

ನಾನು ಮೆಲ್ಬರ್ನ್‌ಗೆ ಬಂದ 2009ರಲ್ಲೂ ಇದೇ ಜಗಳ ಇತ್ತು. ಆಗಿನ ಪ್ರಧಾನಿ ಕೆವಿನ್ ರಡ್ 'ಬಿಗ್ ಆಸ್ಟ್ರೇಲಿಯಾ', ಅಂದರೆ ಜನಸಂಖ್ಯೆ ದೊಡ್ಡದಾದ ಆಸ್ಟ್ರೇಲಿಯಾ, ಒಳ್ಳೆಯದು ಅಂದರು, ಮರುವರ್ಷ ಅವರ ಜಾಗಕ್ಕೆ ಬಂದ ಜೂಲಿಯಾ ಗಿಲಾರ್ಡ್ ಬೇಡ ಅಂದರು. 2019ರಲ್ಲಿ ವರ್ಷದ ಪಿಆರ್ ಮಿತಿಯನ್ನು 1,90,000ದಿಂದ 1,60,000ಕ್ಕೆ ಇಳಿಸಿದರು, 2022ರಲ್ಲಿ ಕೆಲಸಕ್ಕೆ ಜನ ಸಿಗದೆ 1,95,000ಕ್ಕೆ ಏರಿಸಿದರು.

ಕಳೆದ ವರ್ಷ ಗೆಳೆಯರೊಬ್ಬರಿಗೆ ಮನೆ ಹುಡುಕಲು ಶನಿವಾರ ಇನ್ಸ್‌ಪೆಕ್ಷನ್‌ಗೆ (ಬಾಡಿಗೆ ಮನೆಯನ್ನು ಎಲ್ಲರಿಗೂ ತೆರೆದು ತೋರಿಸುವುದಕ್ಕೆ) ಹೋಗಿದ್ದೆ. ಬಾಗಿಲು ತೆಗೆಯೋದು ಹದಿನೈದು ನಿಮಿಷ ಅಷ್ಟೇ. ಸಾಲು ಪಕ್ಕದ ಮನೆಯ ಲೆಟರ್‌ಬಾಕ್ಸ್ ದಾಟಿತ್ತು. ನಮ್ಮ ಮುಂದೆ ಕೂಸು ಎತ್ತಿಕೊಂಡು ನಿಂತಿದ್ದ ಇಲ್ಲಿಯವಳೇ ಆದ ಹುಡುಗಿ, ಇದು ಹನ್ನೊಂದನೇ ಮನೆ ಅಂದಳು. ವಲಸಿಗರಿಂದ ದೇಶಕ್ಕೆ ಲಾಭ ಅಂತ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. 2022-23ರಲ್ಲಿ ಹೋದವರನ್ನು ಕಳೆದರೂ 5 ಲಕ್ಷಕ್ಕಿಂತ ಜಾಸ್ತಿ ಜನ ಬಂದು ಸೇರಿದ್ದಾರೆ, ಅಷ್ಟು ಮನೆ ಎಲ್ಲಿಂದ ಬರಬೇಕು?

ಹಾಗಂತ ಎಲ್ಲಾ ನಮ್ಮ ತಲೆಗೆ ಕಟ್ಟುವುದೂ ಸರಿಯಲ್ಲ. ಕೋವಿಡ್‌ಗೆ ಗಡಿ ಮುಚ್ಚಿದಾಗ ಬಂದವರಿಗಿಂತ ಹೋದವರೇ ಜಾಸ್ತಿ ಇದ್ದರು, ಸಿಟಿ ಅಪಾರ್ಟ್‌ಮೆಂಟ್‌ಗಳ ಬಾಡಿಗೆ ಇಳಿಯಿತು ನಿಜ, ಆದರೆ ಇಲ್ಲಿಯ ರಿಸರ್ವ್ ಬ್ಯಾಂಕ್ ಬಡ್ಡಿದರ ಶೇ. 0.1ರಲ್ಲಿದ್ದ ಆ 2021ರಲ್ಲೇ ಮನೆ ಬೆಲೆ ಶೇ. 20ಕ್ಕಿಂತ ಜಾಸ್ತಿ ಏರಿತು. ನನ್ನ ಸಿಟ್ಟು ಬೇರೆ ಕಡೆಗೆ. ಎಷ್ಟು ವೀಸಾ ಅಂತ ತೀರ್ಮಾನಿಸೋದು ಕ್ಯಾನ್‌ಬೆರಾದ ಕೇಂದ್ರ ಸರ್ಕಾರ, ನಮ್ಮ ಇನ್‌ಕಮ್ ಟ್ಯಾಕ್ಸ್ ಹೋಗೋದೂ ಅಲ್ಲಿಗೇ, ಶಾಲೆ, ಆಸ್ಪತ್ರೆ, ರೈಲು ಮಾತ್ರ ರಾಜ್ಯದ ತಲೆನೋವು. ಮೆಲ್ಬರ್ನ್ ಪಶ್ಚಿಮದ ಹೊರವಲಯ ಟಾರ್ನೀಟ್ ಕಡೆ ಸಾಲುಸಾಲಾಗಿ ಮನೆ ಎದ್ದವು, ಸ್ಟೇಷನ್ ಬಂದದ್ದು 2015ಕ್ಕೆ. ಜನರನ್ನು ಕರೆಯುವವರೇ ಕಟ್ಟುವ ದುಡ್ಡನ್ನೂ ಕೊಡಬೇಕು, ಅಲ್ವಾ?

ಸರ್ಕಾರಕ್ಕೆ ಹೊರೆ ಆಗುತ್ತೇನಾ ಅನ್ನುವ ಚಿಂತೆ ಬಿಡಿ. ಹೊಸ ಪಿಆರ್‌ನವರು ನಿರುದ್ಯೋಗ ಭತ್ಯೆಗೆ ಸಾಮಾನ್ಯವಾಗಿ 4 ವರ್ಷ ಕಾಯಬೇಕು, ಟ್ಯಾಕ್ಸ್ ಮೊದಲ ಸಂಬಳದಿಂದಲೇ ಶುರು. ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಮಾತ್ರ ಬಂದ ಕೂಡಲೇ ಸಿಗುತ್ತದೆ, ಮೊದಲ ವಾರವೇ ಅರ್ಜಿ ಹಾಕಿ. ನಾಲ್ಕು ತಿಂಗಳ ಖರ್ಚಿಗೆ ದುಡ್ಡು ಇಟ್ಟುಕೊಂಡು ಬನ್ನಿ. ಜನವರಿ, ಫೆಬ್ರವರಿ ಬೇಡ, ಆಗ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಮನೆ ಹುಡುಕುತ್ತಿರುತ್ತಾರೆ. ಟಿಕೆಟ್ ಆದ ಮೇಲೆ ತಿಳಿಸಿ, ಮನೆ ನೋಡಲು ಶನಿವಾರ ನಾನೂ ಬರುತ್ತೇನೆ.